ಚೆಂಡು ತಲೆ ಮೇಲೆ ಹೋಯ್ತು: ರಹೀಮ್ ಮೂರ್ ತಪ್ಪಿದ್ದು ಎಲ್ಲಿ?

ಅಮೆರಿಕನ್ ಫುಟ್‌ಬಾಲ್ ತಂಡ ಡೆನ್ವರ್ ಬ್ರಾಂಕೋಸ್‌ನ ಅಭಿಮಾನಿಯೊಬ್ಬರ ಎದುರು, ಆ ತಂಡದ ರಕ್ಷಕನಾಗಿದ್ದ ರಹೀಮ್ ಮೂರ್ ಹೆಸರು ಎತ್ತಿ ನೋಡಿ. ಸುಮ್ನೆ ಇರುವವರು ಕಡಿಮೆ. ಒಬ್ಬರು ಹಣೆ ಚಚ್ಚಿಕೊಳ್ಳುತ್ತಾರೆ. ಇನ್ನೊಬ್ಬರು ‘ಪಾಪ, ಅವನೊಬ್ಬನದೇ ತಪ್ಪಾ?’ ಎಂದು ವಾದಕ್ಕೆ ನಿಲ್ಲುತ್ತಾರೆ. ಅವನು ಒಂದು ಎಸೆತ ತಡೆಯಲಾಗದೆ ಹೋದ ಆ ಆಟ ನಡೆದದ್ದು 2013ರ ಜನವರಿ 12ರಂದು. ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಅಮೆರಿಕದಲ್ಲಿ ನೆಲೆಸಿದ ನಮ್ಮವರು ಬಹಳ ಜನ ಭಾನುವಾರ ಸಂಜೆ ಈ ಆಟ ನೋಡುತ್ತಾರೆ. ಊರಲ್ಲಿರುವವರಿಗೆ ಇದು ಹೆಲ್ಮೆಟ್ ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬೀಳುವ ಆಟ, ಅಷ್ಟೇ. ಆದರೆ ಆ ಒಂದು ಎಸೆತದ ಜಗಳವನ್ನು ಬಿಡಿಸುತ್ತಾ ಹೋದರೆ, ಇಡೀ ಅಮೆರಿಕನ್ ಫುಟ್‌ಬಾಲ್‌ನ ರಕ್ಷಣೆ ಹೇಗೆ ನಡೆಯುತ್ತದೆ ಅನ್ನುವುದು ತಿಳಿಯುತ್ತದೆ.

ಮೊದಲು ಬೇಕಾದಷ್ಟು ನಿಯಮ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಅನ್ನುತ್ತಾರೆ. 10 ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು. ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದರೆ ಟಚ್‌ಡೌನ್: 6 ಅಂಕ, ಆಮೇಲೆ ಒಂದು ಒದೆತಕ್ಕೆ ಇನ್ನೊಂದು. ಅಷ್ಟು ದೂರ ಹೋಗಲಾಗದಿದ್ದರೆ ಕಂಬಗಳ ನಡುವೆ ಒದೆಯಬಹುದು. ಅದು ಫೀಲ್ಡ್ ಗೋಲ್, 3 ಅಂಕ. ಗಡಿಯಾರದ ವಿಷಯ ಮುಖ್ಯ. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಆಟದ ಕೊನೆಯಲ್ಲಿ, ಚೆಂಡು ಹಿಡಿದವನು ಪಕ್ಕದ ಗೆರೆ ದಾಟಿ ಹೊರಗೆ ಹೋದರೂ ನಿಲ್ಲುತ್ತದೆ. ಮೈದಾನದ ಒಳಗೇ ಕೆಡವಿದರೆ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಈ ಕೊನೆಯ ಮಾತು ನೆನಪಿರಲಿ.

ಈಗ ಆ ದಿನದ ಕಥೆ. ಡೆನ್ವರ್‌ನ ಮೈಲ್ ಹೈ ಮೈದಾನ, ಸೋತವರು ಮನೆಗೆ ಹೋಗುವ ಪ್ಲೇಆಫ್ ಪಂದ್ಯ. ಚಳಿ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬ್ರಾಂಕೋಸ್ ಆ ಸೀಸನ್‌ನಲ್ಲಿ 13 ಪಂದ್ಯ ಗೆದ್ದು 3 ಸೋತಿತ್ತು. ಅದರಲ್ಲೂ ಕೊನೆಯ 11 ಸತತ ಗೆಲುವು. ಕುತ್ತಿಗೆ ಆಪರೇಷನ್‌ಗಳ ಕಾರಣ ಹಿಂದಿನ ಇಡೀ ವರ್ಷ ಹೊರಗಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಪೇಟನ್ ಮ್ಯಾನಿಂಗ್, ಹೊಸ ತಂಡದಲ್ಲಿ ಮತ್ತೆ ಮೇಲೆದ್ದಿದ್ದ. ಎದುರಿಗೆ ಬಾಲ್ಟಿಮೋರ್ ರೇವನ್ಸ್, 10 ಗೆಲುವು, 6 ಸೋಲು. ಗೆಲ್ಲುವವರು ಯಾರು ಅಂತ ಕೇಳಿದ್ದರೆ ಹೆಚ್ಚಿನವರು ಬ್ರಾಂಕೋಸ್ ಎಂದೇ ಹೇಳುತ್ತಿದ್ದರು.

ಕೊನೆಯ ಹಂತದಲ್ಲಿ ಬ್ರಾಂಕೋಸ್ 35, ರೇವನ್ಸ್ 28. ಒಂದು ನಿಮಿಷ ಒಂಬತ್ತು ಸೆಕೆಂಡ್ ಬಾಕಿ. ಚೆಂಡು ರೇವನ್ಸ್ ಕೈಲಿ, ಆದರೆ ತಮ್ಮದೇ 23 ಗಜದ ಗೆರೆಯಲ್ಲಿ. ಅಂದರೆ ಇನ್ನೂ 77 ಗಜ ಹೋಗಬೇಕು. ಗಡಿಯಾರ ನಿಲ್ಲಿಸಲು ಟೈಮೌಟ್ ಒಂದೂ ಉಳಿದಿಲ್ಲ. ಮೊದಲ ಎಸೆತ ನೆಲಕ್ಕೆ ಬಿತ್ತು. ಎರಡನೆಯದರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ ಎಸೆಯಲು ಯಾರೂ ಸಿಗದೆ ತಾನೇ 7 ಗಜ ಓಡಿದ. ಮೂರನೇ ಡೌನ್, 3 ಗಜ ಬೇಕು, ಸುಮಾರು 40 ಸೆಕೆಂಡ್ ಉಳಿದಿದೆ.

ಫ್ಲಾಕೊ ಚೆಂಡು ತಗೊಂಡ. ಸುತ್ತ ಮುತ್ತಿಗೆ ಬಿತ್ತು. ಎರಡು ಹೆಜ್ಜೆ ಮುಂದೆ ಬಂದು ಬಲಗಡೆ ಅಂಚಿನತ್ತ ಎತ್ತರಕ್ಕೆ ಎಸೆದ. ಚೆಂಡು ಗಾಳಿಯಲ್ಲೇ 50 ಗಜಕ್ಕೂ ಜಾಸ್ತಿ ಹೋಯಿತು. ಅಲ್ಲಿ ಓಡುತ್ತಿದ್ದವನು ರೇವನ್ಸ್‌ನ ಜಕೋಬಿ ಜೋನ್ಸ್. ಅವನ ಬೆನ್ನಿಗಿದ್ದ ಬ್ರಾಂಕೋಸ್‌ನ ಕಾರ್ನರ್‌ಬ್ಯಾಕ್ (ಅಂಚು ಕಾಯುವ ರಕ್ಷಕ) ಟೋನಿ ಕಾರ್ಟರ್ ಆಗಲೇ ಹಿಂದೆ ಬಿದ್ದಿದ್ದ. ಮೈದಾನದ ಆಳದಲ್ಲಿ ಕಾವಲಿದ್ದ ಸೇಫ್ಟಿ ರಹೀಮ್ ಮೂರ್ ಅಡ್ಡ ಓಡಿ ಬಂದ, ಚೆಂಡಿನ ಕೆಳಗೆ ಬಂದೆ ಅಂದುಕೊಂಡ, ಹಾರಿದ. ಚೆಂಡು ಅವನ ಬೆರಳಿನ ಮೇಲಿಂದ ಹೋಯಿತು. ಅವನು ಬೆನ್ನಡಿಯಾಗಿ ಬಿದ್ದ. ಹಿಂದೆ ನಿಂತಿದ್ದ ಜೋನ್ಸ್ ಆರಾಮಾಗಿ ಹಿಡಿದು, ಉಳಿದ ದೂರ ಒಬ್ಬನೇ ಓಡಿದ. 70 ಗಜದ ಟಚ್‌ಡೌನ್. 31 ಸೆಕೆಂಡ್ ಬಾಕಿ ಇರುವಾಗ 35–35.

ಬೌಂಡರಿಯಲ್ಲಿ ನಿಂತ ಫೀಲ್ಡರ್ ಎತ್ತರದ ಕ್ಯಾಚಿಗೆ ನಾಲ್ಕು ಹೆಜ್ಜೆ ಒಳಗೆ ಬಂದುಬಿಟ್ಟು, ಆಮೇಲೆ ಹಿಂದಕ್ಕೆ ಹಾರಿ ಚೆಂಡು ತಲೆ ಮೇಲೆ ಸಿಕ್ಸರ್ ಹೋಗುವುದನ್ನು ನೋಡಿದ್ದೀರಲ್ವಾ? ಹೆಚ್ಚೂ ಕಡಿಮೆ ಅದೇ. ಆದರೆ ಕ್ರಿಕೆಟ್‌ನಲ್ಲಿ ಅದು ಬರೀ ತಪ್ಪು ಅಂದಾಜು. ಇಲ್ಲಿ ಅದರ ಹಿಂದೆ ಇನ್ನೂ ಹತ್ತು ಜನರ ಕೆಲಸ ಇರುತ್ತದೆ. ವಾದ ಶುರುವಾಗುವುದೇ ಅಲ್ಲಿಂದ.

ರಕ್ಷಣೆಯವರ ಕೆಲಸಕ್ಕೆ ಕವರೇಜ್ ಅನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮ್ಯಾನ್: ನೀನು ಇವನನ್ನು ನೋಡಿಕೋ, ಅವನು ಎಲ್ಲಿ ಹೋದರೂ ಬೆನ್ನು ಬಿಡಬೇಡ. ಇನ್ನೊಂದು, ಝೋನ್: ನೀನು ಈ ಜಾಗ ನೋಡಿಕೋ, ಇಲ್ಲಿಗೆ ಯಾರು ಬಂದರೂ ನಿನ್ನವನೇ. ಝೋನ್‌ನಲ್ಲಿ ಕಾರ್ನರ್‌ಬ್ಯಾಕ್ ಒಬ್ಬ ರಿಸೀವರ್‌ನ (ಎಸೆತ ಹಿಡಿಯಲು ಓಡುವವನ) ಜೊತೆ ಸ್ವಲ್ಪ ದೂರ ಓಡಿ, ತನ್ನ ಜಾಗ ಮುಗಿದ ಕೂಡಲೇ ಹಿಂದಿನ ಸೇಫ್ಟಿಗೆ ಒಪ್ಪಿಸಿಬಿಡುತ್ತಾನೆ. ಟಿವಿಯಲ್ಲಿ ನೋಡುವವರಿಗೆ ಅವನು ಸೋತು ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರಬಹುದು.

ಇದನ್ನು ಎದುರಾಳಿಗೆ ಗೊತ್ತಾಗದಂತೆ ಬೆರೆಸುತ್ತಾರೆ. ಕವರ್ 2 ಅಂದರೆ ಹಿಂದೆ ಇಬ್ಬರು ಸೇಫ್ಟಿ, ಮೈದಾನದ ಅಗಲವನ್ನು ಅರ್ಧರ್ಧ ಹಂಚಿಕೊಂಡಿರುತ್ತಾರೆ. ಕವರ್ 3 ಅಂದರೆ ಆಳದಲ್ಲಿ ಮೂವರು, ತಲಾ ಮೂರನೇ ಒಂದು ಭಾಗ. ಮುಂದೆ ಮ್ಯಾನ್ ಆಡಿಸಿ ಹಿಂದೆ ಇಬ್ಬರನ್ನು ಕಾವಲಿಗೆ ಬಿಡುವುದೂ ಉಂಟು. ಬ್ರಾಂಕೋಸ್ ಆ ಡೌನ್‌ನಲ್ಲಿ ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ಬಿಟ್ಟಿತ್ತು: ಒಂದು ಕಡೆ ಮೂರ್, ಇನ್ನೊಂದು ಕಡೆ ಮೈಕ್ ಆಡಮ್ಸ್. ಕಾರ್ಟರ್ ಆಡಿದ ರೀತಿ ನೋಡಿದರೆ, ಹಿಂದೆ ಮೂರ್ ಇದ್ದಾನೆ ಅನ್ನುವ ಭರವಸೆ ಎದ್ದು ಕಾಣುತ್ತದೆ.

ಮೂರ್ ಕೆಲಸ ಏನು? ಎಳೆಯ ಹುಡುಗರಿಗೂ ಕಲಿಸುವ ಪಾಠ ಅದು: ನಿನ್ನ ಜಾಗದಲ್ಲಿ ಅತಿ ಆಳಕ್ಕೆ ಹೋದ ಎದುರಾಳಿಗಿಂತ ನೀನು ಇನ್ನೂ ಆಳದಲ್ಲಿರಬೇಕು. ನಿನ್ನ ಮುಂದೆ ಏನು ಬೇಕಾದರೂ ಆಗಲಿ. ನಿನ್ನ ಬೆನ್ನ ಹಿಂದೆ ಯಾರೂ ಹೋಗಬಾರದು.

ಈ ಪಾಠಕ್ಕೆ ಆ ಕ್ಷಣದ ಲೆಕ್ಕವನ್ನೂ ಸೇರಿಸಿ. ಬ್ರಾಂಕೋಸ್ 7 ಅಂಕ ಮುಂದಿದೆ. ಫೀಲ್ಡ್ ಗೋಲ್‌ನಿಂದ ರೇವನ್ಸ್‌ಗೆ ಏನೂ ಸಿಗುವುದಿಲ್ಲ, ಟಚ್‌ಡೌನ್ ಒಂದೇ ದಾರಿ. ಟೈಮೌಟ್ ಇಲ್ಲ. ಜೋನ್ಸ್ ಚೆಂಡು ಹಿಡಿಯಲಿ ಅಂತಲೇ ಇಟ್ಟುಕೊಳ್ಳಿ. 20 ಗಜದ ಗೆರೆ ಹತ್ತಿರ, ಮೈದಾನದ ಒಳಗೇ ಅವನನ್ನು ಕೆಡವಿದರೆ ಏನಾಗುತ್ತಿತ್ತು? ಗಡಿಯಾರ ಓಡುತ್ತಲೇ ಇರುತ್ತದೆ. ರೇವನ್ಸ್‌ನ ಮುಂದಿನ ಸಾಲಿನ ದಪ್ಪ ದಪ್ಪ ಲೈನ್‌ಮನ್‌ಗಳೆಲ್ಲ 50 ಗಜ ಏದುಸಿರು ಬಿಡುತ್ತಾ ಓಡಿ ಬಂದು ಸಾಲಾಗಿ ನಿಲ್ಲಬೇಕು. ಆಮೇಲೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ನೆಲಕ್ಕೆ ಕುಕ್ಕಿ ಗಡಿಯಾರ ನಿಲ್ಲಿಸಬೇಕು. ಅಷ್ಟರಲ್ಲಿ ಉಳಿದ ಸಮಯದಲ್ಲಿ ಅರ್ಧದಷ್ಟು ಕರಗಿರುತ್ತಿತ್ತು. ಉಳಿದದ್ದರಲ್ಲಿ ಎರಡೋ ಮೂರೋ ಎಸೆತ, ಅದೂ ರಕ್ಷಕರೆಲ್ಲ ಕಿಕ್ಕಿರಿದು ನಿಂತ ಇಕ್ಕಟ್ಟಿನ ಜಾಗಕ್ಕೆ. ಅಪಾಯ ಪೂರ್ತಿ ಹೋಗಿರುತ್ತಿರಲಿಲ್ಲ, ಆದರೆ ಆಟ ಬ್ರಾಂಕೋಸ್ ಕೈಲೇ ಇರುತ್ತಿತ್ತು.

ಆದ್ದರಿಂದ ‘ಅವನು ಚೆಂಡನ್ನು ಹೊಡೆದು ಕೆಡವಬೇಕಿತ್ತು’ ಎಂದು ಬೈಯುವ ಅಭಿಮಾನಿಗಳ ಮಾತು ನನಗೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಹೊಡೆದು ಕೆಡವಿದ್ದರೆ ಒಳ್ಳೆಯದೇ. ಆದರೆ ಅವನಿಗೆ ಅದೂ ಬೇಕಿರಲಿಲ್ಲ. ಸುಮ್ನೆ ಹಿಂದೆ ನಿಂತು, ಜೋನ್ಸ್‌ಗೆ ಚೆಂಡು ಹಿಡಿಯಲು ಬಿಟ್ಟು, ಅಪ್ಪಿಕೊಂಡು ನೆಲಕ್ಕೆ ಕೆಡವಿದ್ದರೂ ಸಾಕಿತ್ತು. ಟಿವಿಯವರು ನೂರು ಸಲ ತೋರಿಸಿದ್ದು ಆ ಹಾರಾಟವನ್ನು. ನನ್ನ ಪ್ರಕಾರ ತಪ್ಪು ಅದಕ್ಕಿಂತ ಮುಂಚಿನ ಮೂರ್ನಾಲ್ಕು ಹೆಜ್ಜೆಯಲ್ಲಿದೆ. ಚೆಂಡು ಫ್ಲಾಕೊ ಕೈ ಬಿಟ್ಟಾಗ ಅವನು ಸೊಂಟ ತಿರುಗಿಸಿ, ಬೆನ್ನು ಕೊಟ್ಟು, ಮೊದಲು ಆಳಕ್ಕೆ ಓಡಬೇಕಿತ್ತು. ಚೆಂಡನ್ನು ಆಮೇಲೆ ಹುಡುಕಬಹುದಿತ್ತು. ಬದಲಿಗೆ ಅವನು ಅಂಚಿನತ್ತ ಅಡ್ಡವಾಗಿ, ಚೆಂಡನ್ನೇ ನೋಡುತ್ತಾ ಬಂದ. ಚೆಂಡು ಅವನ ಅಂದಾಜಿಗಿಂತ ಕೆಲವು ಗಜ ದೂರ ಹೋಯಿತು. ಹಾರಿದ್ದು, ಆಗಿ ಹೋದ ತಪ್ಪನ್ನು ಸರಿಪಡಿಸುವ ಕೊನೆಯ ಪ್ರಯತ್ನ.

ಅಂದಾಜು ಯಾಕೆ ತಪ್ಪಿತು? ಇಲ್ಲೊಂದು ವಾದ ಕೇಳಿಬರುತ್ತದೆ. ಡೆನ್ವರ್ ಇರುವುದು ಸಮುದ್ರ ಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿ, ಸುಮಾರು 1,600 ಮೀಟರ್. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಾಂಕೋಸ್‌ನ ಮ್ಯಾಟ್ ಪ್ರೇಟರ್ 64 ಗಜದಿಂದ ಫೀಲ್ಡ್ ಗೋಲ್ ಒದ್ದು ಆಗಿನ ದಾಖಲೆ ಮಾಡಿದ್ದೂ ಇದೇ ಮೈದಾನದಲ್ಲಿ. ಆದರೆ ಈ ನೆಪ ಮೂರ್‌ಗೆ ಹೊಂದುವುದಿಲ್ಲ. ಅದು ಅವನ ಸ್ವಂತ ಅಂಗಳ, ಅಲ್ಲಿನ ಗಾಳಿ ಅವನಿಗೆ ಹೊಸದಲ್ಲ. ಫ್ಲಾಕೊ ತೋಳಿನ ಬಲ ಗೊತ್ತಿಲ್ಲದವರೂ ಎನ್‌ಎಫ್‌ಎಲ್ ಅನ್ನುವ ಆ ಲೀಗಿನಲ್ಲಿ ಇರಲಿಲ್ಲ.

ಇಷ್ಟರ ಮಟ್ಟಿಗೆ ತಪ್ಪು ಮೂರ್‌ದೇ. ಪಂದ್ಯ ಮುಗಿದ ಮೇಲೆ ಅವನೇ ಬಚ್ಚಲುಮನೆಗೆ ಓಡಿ ತಲೆಮರೆಸಿಕೊಳ್ಳದೆ, ಪತ್ರಕರ್ತರ ಎದುರು ನಿಂತು ಸೋಲಿನ ಹೊಣೆ ಹೊತ್ತುಕೊಂಡ. ಆಗ ಅವನಿಗೆ 22 ವರ್ಷ. ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2011ರ ಎರಡನೇ ಸುತ್ತಿನಲ್ಲಿ ಬಂದ ಹುಡುಗ, ಲೀಗಿನಲ್ಲಿ ಎರಡನೇ ವರ್ಷ.

ಇನ್ನೊಂದು ಕಡೆಯವರ ವಾದ ಇಲ್ಲಿಂದ ಶುರು. ಅವರು ಉಳಿದವರ ಲೆಕ್ಕ ಕೇಳುತ್ತಾರೆ. ಕೇಳುವುದೂ ಸರಿಯೇ.

ರೇವನ್ಸ್‌ಗೆ ಕೊನೆಯ ಅವಕಾಶ ಸಿಕ್ಕಿದ್ದೇ ಹೇಗೆ? ಅದಕ್ಕೆ ಮುಂಚೆ ಚೆಂಡು ಬ್ರಾಂಕೋಸ್ ಕೈಲಿತ್ತು. ಮೂರನೇ ಡೌನ್, 7 ಗಜ ಬೇಕು. ಆ 7 ಗಜ ದಾಟಿದ್ದರೆ, ಉಳಿದ ಸಮಯ ಕರಗಿಸಿ ಆಟ ಅಲ್ಲಿಗೇ ಮುಗಿಸಬಹುದಿತ್ತು. ಆಟದ ಚರಿತ್ರೆಯಲ್ಲೇ ದೊಡ್ಡ ಎಸೆತಗಾರರಲ್ಲಿ ಒಬ್ಬ ಮ್ಯಾನಿಂಗ್. ಅವನ ಕೈಲಿ ಎಸೆಯಿಸುವ ಬದಲು, ಮೊದಲ ವರ್ಷದ ಹುಡುಗ ರಾನಿ ಹಿಲ್‌ಮನ್ ಕೈಗೆ ಚೆಂಡು ಕೊಟ್ಟು ಓಡಿಸಿದರು. ಓಟ ಕೈಕೊಟ್ಟಿತು, ಚೆಂಡು ಒದ್ದು ಎದುರಾಳಿಗೆ ಕೊಡಬೇಕಾಯಿತು. ಎಸೆತ ತಪ್ಪಿದರೆ ಗಡಿಯಾರ ನಿಲ್ಲುತ್ತದೆ, ಓಡಿಸಿದರೆ ಸಮಯ ಕರಗುತ್ತದೆ ಅನ್ನುವುದು ಕೋಚ್ ಜಾನ್ ಫಾಕ್ಸ್ ಲೆಕ್ಕ. ಪುಸ್ತಕದ ಪ್ರಕಾರ ಸರಿ. ಧೈರ್ಯದ ಲೆಕ್ಕದಲ್ಲಿ ಸೊನ್ನೆ ಅನ್ನುವವರೂ ಇದ್ದಾರೆ.

ಅದಕ್ಕೂ ಹಿಂದೆ ಹೋಗಿ. ಮೊದಲ ಅರ್ಧದ ಕೊನೆಯಲ್ಲಿ ಬ್ರಾಂಕೋಸ್ ಒದ್ದ 52 ಗಜದ ಫೀಲ್ಡ್ ಗೋಲ್ ತಪ್ಪಿತು. ಅದರ ಬೆನ್ನಿಗೇ ರೇವನ್ಸ್‌ನ ಟೊರಿ ಸ್ಮಿತ್ 32 ಗಜದ ಟಚ್‌ಡೌನ್ ಹೊಡೆದ. ಅದು ಅವನ ಎರಡನೆಯದು. ಮೊದಲನೆಯದು 59 ಗಜದ್ದು. ಎರಡು ಸಲವೂ ಸೋತ ಕಾರ್ನರ್‌ಬ್ಯಾಕ್ ಯಾರು ಗೊತ್ತಾ? ಚಾಂಪ್ ಬೇಲಿ. ಮುಂದೆ ಹಾಲ್ ಆಫ್ ಫೇಮ್ ಸೇರಿದ ದಿಗ್ಗಜ. ಆ 14 ಅಂಕಗಳ ಬಗ್ಗೆ ಯಾರೂ ವರ್ಷಗಟ್ಟಲೆ ಜಗಳ ಆಡಲಿಲ್ಲ. ಅವು ಬಂದದ್ದು ಮೊದಲ ಅರ್ಧದಲ್ಲಿ, ಅಷ್ಟೇ ಕಾರಣ. ಇನ್ನೊಂದು ಕಡೆ ಬ್ರಾಂಕೋಸ್‌ನ ಟ್ರಿಂಡನ್ ಹಾಲಿಡೇ, ರೇವನ್ಸ್ ಒದ್ದು ಬಿಟ್ಟುಕೊಟ್ಟ ಚೆಂಡು (ಪಂಟ್) ಹಿಡಿದು 90 ಗಜ, ಆಟ ಶುರು ಮಾಡುವ ಒದೆತ (ಕಿಕಾಫ್) ಹಿಡಿದು 104 ಗಜ ಓಡಿ ಎರಡು ಟಚ್‌ಡೌನ್ ತಂದಿದ್ದ. ಅಂಥ ದಾನ ಸಿಕ್ಕರೂ ಬ್ರಾಂಕೋಸ್‌ಗೆ ಪಂದ್ಯ ಮುಗಿಸಲು ಆಗಲಿಲ್ಲ.

ಸಮ ಆದ ಮೇಲೂ 31 ಸೆಕೆಂಡ್ ಇತ್ತು, ಬ್ರಾಂಕೋಸ್ ಹತ್ತಿರ ಎರಡು ಟೈಮೌಟ್ ಇತ್ತು. ಫೀಲ್ಡ್ ಗೋಲ್ ದೂರಕ್ಕೆ ಹೋಗಲು ಪ್ರಯತ್ನಿಸಬಹುದಿತ್ತು. ಬದಲಿಗೆ ಮ್ಯಾನಿಂಗ್ ಚೆಂಡು ಹಿಡಿದು ಮಂಡಿಯೂರಿದ, ಅಂದರೆ ಮುಂದೆ ಹೋಗಲು ನೋಡದೆ ಸಮಯ ಕಳೆದ; ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಅವನು ಓಡುತ್ತಲೇ ಮೈಗೆ ಅಡ್ಡವಾಗಿ ಎಸೆದ ಚೆಂಡನ್ನು ರೇವನ್ಸ್‌ನ ರಕ್ಷಕ ಕೋರಿ ಗ್ರಹಾಂ ಹಿಡಿದ. ಗ್ರಹಾಂಗೆ ಅದು ಆ ದಿನದ ಎರಡನೇ ಬೇಟೆ; ಮೊದಲನೆಯದನ್ನು ನೇರವಾಗಿ ಟಚ್‌ಡೌನ್ ಮಾಡಿದ್ದ. ಎರಡನೇ ಹೆಚ್ಚುವರಿ ಅವಧಿಯ ಆರಂಭದಲ್ಲಿ ರೇವನ್ಸ್‌ನ ಜಸ್ಟಿನ್ ಟಕರ್ 47 ಗಜದಿಂದ ಫೀಲ್ಡ್ ಗೋಲ್ ಒದ್ದ. 38–35. ಮೂರ್ ತಪ್ಪಿನಿಂದ ಪಂದ್ಯ ಸಮ ಆಯಿತು, ಸೋತದ್ದು ಇದಾದ ಮೇಲೆ. ಈ ವ್ಯತ್ಯಾಸ ನೆನಪಿನಿಂದ ಜಾರಿಹೋಗಿದೆ.

ಹಾಗಾದರೆ ಹೊರಗೆ ಕೂತು ನೋಡುವ ನಾವು ಕವರೇಜ್ ತಪ್ಪನ್ನು ಹೇಗೆ ಅಳೆಯುವುದು? ಇಲ್ಲಿ ದೊಡ್ಡ ತೊಡಕು ಕ್ಯಾಮೆರಾದ್ದು. ಟಿವಿ ಚಿತ್ರ ಚೆಂಡಿನ ಹಿಂದೆ ಹೋಗುತ್ತದೆ. ಆಟ ಶುರುವಾದಾಗ ಆಳದಲ್ಲಿರುವ ಸೇಫ್ಟಿಗಳು ಚೌಕಟ್ಟಿನಲ್ಲೇ ಇರುವುದಿಲ್ಲ. ಚೆಂಡು ಬಂದಾಗ ಕಾಣುವುದು ಒಬ್ಬ ರಿಸೀವರ್, ಪಕ್ಕದಲ್ಲಿ ಒಬ್ಬ ರಕ್ಷಕ. ಅವನೇ ಅಪರಾಧಿ ಎಂದು ತೀರ್ಪು ಆಗಿಬಿಡುತ್ತದೆ. ಎಷ್ಟೋ ಸಲ ಅವನು ಬೇರೊಬ್ಬನ ತಪ್ಪು ಮುಚ್ಚಲು ತನ್ನ ಜಾಗ ಬಿಟ್ಟು ಓಡಿ ಬಂದವನಾಗಿರುತ್ತಾನೆ. 22 ಜನರನ್ನೂ ಮೇಲಿನಿಂದ ಒಟ್ಟಿಗೆ ತೋರಿಸುವ ಚಿತ್ರ ಇದೆ, ಅದಕ್ಕೆ ಆಲ್-22 ಎಂದು ಹೆಸರು. ಮೊದಲು ಅದು ಕೋಚ್‌ಗಳ ಸೊತ್ತು. 2012ರಿಂದ ಲೀಗ್ ಅದನ್ನು ದುಡ್ಡು ಕೊಟ್ಟವರಿಗೂ ಕೊಡತೊಡಗಿತು. ಆಮೇಲೆ ಅಭಿಮಾನಿಗಳ ಜಗಳದ ಗುಣಮಟ್ಟ ಏರಿತು, ಜಗಳ ಕಡಿಮೆಯಾಗಲಿಲ್ಲ. ಯಾಕೆಂದರೆ ಆ ಚಿತ್ರದಲ್ಲೂ ಕೋಚ್ ಯಾರಿಗೆ ಏನು ಹೇಳಿದ್ದ ಅನ್ನುವುದು ಕೇಳಿಸುವುದಿಲ್ಲ.

ತಪ್ಪುಗಳಲ್ಲೂ ಜಾತಿಗಳಿವೆ. ಐದು ವರ್ಷದ ನಂತರದ ಇನ್ನೊಂದು ಪಂದ್ಯ ನೋಡಿ. 2018ರ ಜನವರಿ 14, ಮಿನಿಯಾಪೊಲಿಸ್. ನ್ಯೂ ಓರ್ಲಿಯನ್ಸ್ ಸೇಂಟ್ಸ್ 24, ಮಿನ್ನೆಸೋಟ ವೈಕಿಂಗ್ಸ್ 23. 10 ಸೆಕೆಂಡ್ ಬಾಕಿ, ವೈಕಿಂಗ್ಸ್‌ಗೆ ಟೈಮೌಟ್ ಇಲ್ಲ. ಕೇಸ್ ಕೀನಮ್ ಎಸೆದ ಚೆಂಡನ್ನು ಸ್ಟೆಫಾನ್ ಡಿಗ್ಸ್ ಅಂಚಿನ ಹತ್ತಿರ ಹಾರಿ ಹಿಡಿದ. ಅವನನ್ನು ಒಳಗೇ ಕೆಡವಿದ್ದರೆ ಆಟ ಮುಗಿಯಿತು. ಸೇಂಟ್ಸ್‌ನ ಸೇಫ್ಟಿ ಮಾರ್ಕಸ್ ವಿಲಿಯಮ್ಸ್ ತಲೆ ತಗ್ಗಿಸಿ ನುಗ್ಗಿದ, ಡಿಗ್ಸ್‌ನ ಕೆಳಗೆ ತೂರಿ ಹೋದ, ತನ್ನದೇ ತಂಡದ ಕೆನ್ ಕ್ರಾಲಿಯನ್ನು ಕೆಡವಿದ. ಡಿಗ್ಸ್ ಕೈ ಊರಿ ಸಾವರಿಸಿಕೊಂಡು ಓಡಿದ. 61 ಗಜ, 29–24.

ಮೂರ್ ಎಡವಿದ್ದು ಚೆಂಡಿನ ಅಂದಾಜಿನಲ್ಲಿ. ವಿಲಿಯಮ್ಸ್ ಎಡವಿದ್ದು ಹೊತ್ತಿನ ಅಂದಾಜಿನಲ್ಲಿ, ಚೂರು ಬೇಗ ಬಂದುಬಿಟ್ಟ. ಚೆಂಡು ಕೈಗೆ ಬರುವ ಮುಂಚೆ ರಿಸೀವರ್‌ಗೆ ಡಿಕ್ಕಿ ಹೊಡೆದರೆ ಫೌಲ್. ವೈಕಿಂಗ್ಸ್‌ಗೆ ಫೀಲ್ಡ್ ಗೋಲ್ ದೂರ ಪುಕ್ಕಟೆ ಸಿಗುತ್ತಿತ್ತು. ಆ ಭಯಕ್ಕೆ ಅವನು ಕೆಳಗೆ ಬಗ್ಗಿದ ಹಾಗಿದೆ. ಭಯಕ್ಕೆ ಕಾರಣ ಇತ್ತು, ಆದರೆ ಅರ್ಧ ಸೆಕೆಂಡ್ ಕಾದು ಡಿಗ್ಸ್‌ನನ್ನು ತಬ್ಬಿ ಹಿಡಿದಿದ್ದರೆ ಸಾಕಿತ್ತು. ಈ ಎರಡೂ ಪಂದ್ಯದಲ್ಲಿ ಸರಿಯಾದ ಉತ್ತರ ಒಂದೇ ಅನ್ನುವುದು ಗಮನಿಸಿ: ಹಿಡಿಯಲು ಬಿಡು, ಒಳಗೇ ಕೆಡವು.

ಮೂರನೆಯದು ಬೇರೆಯದೇ ಬಗೆ. 2024ರ ಅಕ್ಟೋಬರ್ 27, ವಾಷಿಂಗ್ಟನ್ ಕಮಾಂಡರ್ಸ್ ಮೇಲೆ ಶಿಕಾಗೊ ಬೇರ್ಸ್. ಕೊನೆಯ ಎಸೆತ ಶುರುವಾಗುವಾಗ ಬೇರ್ಸ್‌ನ ಕಾರ್ನರ್‌ಬ್ಯಾಕ್ ಟೈರೀಕ್ ಸ್ಟೀವನ್ಸನ್ ಪ್ರೇಕ್ಷಕರ ಕಡೆ ತಿರುಗಿ ಕೈಸನ್ನೆ ಮಾಡುತ್ತಿದ್ದ. ಆಮೇಲೆ ಎಚ್ಚೆತ್ತು ಓಡಿದ, ಗುಂಪಿಗೆ ಹಾರಿ ಚೆಂಡನ್ನು ಹಿಂದಕ್ಕೆ ತಟ್ಟಿದ. ಅದು ಹಿಂದೆ ಒಬ್ಬನೇ ನಿಂತಿದ್ದ ವಾಷಿಂಗ್ಟನ್‌ನ ನೋಹ ಬ್ರೌನ್ ಕೈಗೆ ಬಿತ್ತು. 52 ಗಜ, ವಾಷಿಂಗ್ಟನ್‌ಗೆ 18–15 ಗೆಲುವು. ಸ್ಟೀವನ್ಸನ್ ಆಮೇಲೆ ಕ್ಷಮೆ ಕೇಳಿದ. ಮೂರ್ ಮತ್ತು ವಿಲಿಯಮ್ಸ್ ಕಷ್ಟದ ಕೆಲಸ ಮಾಡಲು ಹೋಗಿ ಎಡವಿದವರು. ಸ್ಟೀವನ್ಸನ್ ಕೆಲಸವನ್ನೇ ಮರೆತಿದ್ದ. ಮೂವರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ‘ಕೊನೆ ಗಳಿಗೆಯಲ್ಲಿ ಕೈಕೊಟ್ಟವರು’ ಅನ್ನುವುದು ನನಗೆ ಒಪ್ಪುವ ಮಾತಲ್ಲ.

ಆಮೇಲೆ ಇವರಿಗೆ ಏನಾಯಿತು ಅನ್ನುವುದೂ ವಾದಕ್ಕೆ ಸಾಕ್ಷಿ. ವಿಲಿಯಮ್ಸ್ ಇನ್ನೂ ನಾಲ್ಕು ವರ್ಷ ಸೇಂಟ್ಸ್‌ಗೇ ಆಡಿ ಹೆಸರು ಮಾಡಿದ, 2022ರಲ್ಲಿ ಐದು ವರ್ಷಕ್ಕೆ 7 ಕೋಟಿ ಡಾಲರ್ ಒಪ್ಪಂದ ಪಡೆದ. ಕೊಟ್ಟವರು ಬೇರೆ ಯಾರೂ ಅಲ್ಲ, ರೇವನ್ಸ್. ಮೂರ್ ಮುಂದಿನ ವರ್ಷವೂ ಬ್ರಾಂಕೋಸ್‌ಗೆ ಆಡಿದ. ಕಾಲಿನ ಗಂಭೀರ ತೊಂದರೆಯಿಂದ 2013ರ ಸೀಸನ್ ಅರ್ಧಕ್ಕೇ ಮುಗಿಯಿತು. 2014ರಲ್ಲಿ ಮತ್ತೆ ಬಂದು ಆಡಿದ, 2015ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಹೋದ. ಅದೇ ಸೀಸನ್‌ನಲ್ಲಿ ಬ್ರಾಂಕೋಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು, ಅವನಿಲ್ಲದೆ. ತಂಡ ನಡೆಸುವವರು ಒಂದು ಎಸೆತ ನೋಡಿ ಆಟಗಾರನನ್ನು ಅಳೆಯುವುದಿಲ್ಲ ಅನ್ನುವುದಂತೂ ಇದರಿಂದ ಕಾಣುತ್ತದೆ.

ಮುಂದಿನ ಸಲ ಇಂಥ ಎಸೆತದ ಮರುಪ್ರಸಾರ ಬಂದಾಗ, ಚೆಂಡನ್ನು ನೋಡಬೇಡಿ. ಅದು ಎಲ್ಲಿಗೆ ಹೋಗುತ್ತದೆ ಅಂತ ಆಗಲೇ ಗೊತ್ತು. ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಬಿಟ್ಟ ಗಳಿಗೆಯಲ್ಲಿ ಸೇಫ್ಟಿಯ ಪಾದ ಯಾವ ಕಡೆ ತಿರುಗಿದೆ, ರಿಸೀವರ್‌ಗಿಂತ ಅವನು ಆಳದಲ್ಲಿದ್ದಾನಾ, ಪಕ್ಕದ ಕಾರ್ನರ್‌ಬ್ಯಾಕ್ ಬೆನ್ನು ಬಿಟ್ಟದ್ದು ಸೋತೋ ಒಪ್ಪಿಸಿಯೋ, ಗಡಿಯಾರ ಎಷ್ಟು, ಎದುರಾಳಿಗೆ ಬೇಕಾದದ್ದು 3 ಅಂಕವೋ 7 ಅಂಕವೋ, ಇಷ್ಟು ನೋಡಿ. ಆಮೇಲೆ ಬೇಕಾದರೆ ಬೈಯಿರಿ.